ದೊಡ್ಡ ಕಣ್ಣು ಬರೆದರೆ ಅನಿಮೆ ಆಗುವುದಿಲ್ಲ

ಪ್ರೀತಿಯ ಪುಟ್ಟಿಗೆ, ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಚಿತ್ರಗಳು ಬಂದವು. ಹಿಂದೆಯೇ ನಿಮ್ಮಮ್ಮನ ಫೋನೂ ಬಂತು. ‘ಅನಿಮೆ ಸ್ಟೈಲ್’, ಅಂದರೆ ಜಪಾನಿ ಕಾರ್ಟೂನ್ ಸಿನಿಮಾ, ಸರಣಿಗಳ ಶೈಲಿ ಕಲಿಸುವ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಲೇಬೇಕು ಅಂತ ಹಟ ಹಿಡಿದಿದ್ದೀಯಂತೆ. ಅವರು ಏನೇನು ಕಲಿಸುತ್ತಾರೆ ಅಂತ ನೋಡಿದೆ. ಕಣ್ಣು, ಕೂದಲು, ಬಟ್ಟೆಯ ಮಡಿಕೆ. ಅಷ್ಟೇ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕಣ್ಣಿನ ವಿಷಯ ಮೊದಲು ಮುಗಿಸಿಬಿಡೋಣ. ಜಪಾನಿನ ಹೆಸರಾಂತ ಚಿತ್ರಕಥೆಗಾರ ಒಸಾಮು ತೆಜುಕಾ ಅವರಿಗೆ ಡಿಸ್ನಿ ಚಿತ್ರಗಳೆಂದರೆ ಪ್ರಾಣ. ಅವರು ಬರೆದ ದೊಡ್ಡ ಕಣ್ಣುಗಳಲ್ಲಿ ಅಮೆರಿಕದ ಪಾಲು ಸಾಕಷ್ಟಿದೆ. ಇನ್ನು ಕತ್ಸುಹಿರೊ ಒತೊಮೊ ಅವರ ‘ಅಕಿರ’ ಸಿನಿಮಾ ನೋಡು. ಸಣ್ಣ ಕಣ್ಣು, ಬೀದಿಯಲ್ಲಿ ಕಾಣುವಂಥ ಸಾಧಾರಣ ಮುಖಗಳು. ಇಸಾವೊ ತಕಾಹತಾ 2013ರಲ್ಲಿ ಮಾಡಿದ ರಾಜಕುಮಾರಿ ಕಗುಯಾಳ ಕಥೆಯಂತೂ ಇದ್ದಿಲಿನ ಗೆರೆಗೆ ತೆಳುವಾಗಿ ಬಣ್ಣ ಹಚ್ಚಿದ ಹಾಗಿದೆ. ಇವು ಅನಿಮೆ ಅಲ್ಲ ಅನ್ನೋಕಾಗುತ್ತಾ?

ಜಪಾನಿನಲ್ಲಿ ಮಾಡಿದ್ದು ಮಾತ್ರ ಅನಿಮೆ ಅಂತ ನಿನ್ನ ಗೆಳತಿ ವಾದ ಮಾಡುತ್ತಾಳೆ ಅಂದೆಯಲ್ಲ, ಅದೂ ಅಷ್ಟು ಸಲೀಸಲ್ಲ. ಎಷ್ಟೋ ಸರಣಿಗಳ ಚಿತ್ರಗಳನ್ನು ಕೊರಿಯಾ, ಚೀನಾ, ಫಿಲಿಪ್ಪೀನ್ಸ್‌ನಲ್ಲಿ ಕೂತು ಬರೆಯುತ್ತಾರೆ. ನಾವು ಚಿಕ್ಕವರಿದ್ದಾಗ ದೂರದರ್ಶನದಲ್ಲಿ ಮೋಗ್ಲಿ ಬರುತ್ತಿದ್ದ. ಹಿಂದಿ ಮಾತಾಡುತ್ತಿದ್ದ, ನಮ್ಮ ಕಾಡಿನ ಹುಡುಗ. ಮೂಲ ಕಥೆ ಬರೆದವನು ಇಂಗ್ಲಿಷಿನವನು. ಆದರೆ ಆ ಸರಣಿ ಮಾಡಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್, 1989ರಲ್ಲಿ. ಇದನ್ನು ಹೇಳು, ಅವಳು ಸ್ವಲ್ಪ ಹೊತ್ತು ಸುಮ್ಮನಾಗುತ್ತಾಳೆ.

ನನ್ನನ್ನು ಕೇಳಿದರೆ ಗುರುತು ಮುಖದಲ್ಲಿಲ್ಲ. ಹೊತ್ತನ್ನು ಎಲ್ಲಿ ಎಳೆಯುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದರಲ್ಲಿದೆ.

ತಕೆಹಿಕೊ ಇನೊಯೆ ಬರೆದ ಬ್ಯಾಸ್ಕೆಟ್‌ಬಾಲ್ ಕಥೆ ‘ಸ್ಲ್ಯಾಮ್ ಡಂಕ್’ನ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್ ಪುಸ್ತಕ, ನಿನ್ನ ಹತ್ತಿರ ಇದೆ ಅಲ್ವಾ? ಕೊನೆಯ ಪಂದ್ಯದ ಕೊನೆಯ ಗಳಿಗೆಗಳನ್ನು ಮತ್ತೆ ತೆಗೆದು ನೋಡು. ಈ ಸಲ ಕಥೆಗಾಗಿ ಓದಬೇಡ. ಗಡಿಯಾರದಲ್ಲಿ ಕೆಲವೇ ಸೆಕೆಂಡು ಉಳಿದಿವೆ, ಆದರೆ ಪುಟಗಳು ಮುಗಿಯುವುದೇ ಇಲ್ಲ. ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮಾತಿಲ್ಲದ ಚಿತ್ರಚೌಕಗಳ, ಅಂದರೆ ಪ್ಯಾನೆಲ್‌ಗಳ ಮೇಲೆ ಕಣ್ಣು ಓಡುತ್ತದೆ. ಎರಡು ಪುಟ ತುಂಬಿದ ಒಂದೇ ಚಿತ್ರ ಬಂದಾಗ ಗಕ್ಕನೆ ನಿಲ್ಲುತ್ತದೆ. ಪುಟ ತಿರುಗಿಸುವುದು ನಿನ್ನ ಕೈ, ಆದರೆ ಯಾವಾಗ ತಿರುಗಿಸಬೇಕು ಅಂತ ಗೊತ್ತುಮಾಡಿದ್ದು ಇನೊಯೆ. 2022ರಲ್ಲಿ ಅವರೇ ಇದನ್ನು ಸಿನಿಮಾ ಮಾಡಿದರು. ತೆರೆಯ ಮೇಲೆ ತಿರುಗಿಸುವುದಕ್ಕೆ ಪುಟ ಎಲ್ಲಿದೆ? ಅಲ್ಲಿ ಅವರು ಸದ್ದನ್ನೇ ತೆಗೆದುಬಿಟ್ಟರು. ಅದೇ ಮನುಷ್ಯ, ಅದೇ ಆಟ. ಪುಸ್ತಕದಲ್ಲಿ ಮಾಡಿದ್ದನ್ನು ತೆರೆಗೆ ಹಾಗೇ ಇಳಿಸಲಿಲ್ಲ.

ನಾಲ್ಕು ಕ್ಷಣಕ್ಕೆ ಇಷ್ಟೊಂದು ಪುಟ ಸುರಿಯುವ ಧಾರಾಳತನ ಎಲ್ಲಿಂದ ಬಂತು ಗೊತ್ತಾ? ಅಗ್ಗದ ಕಾಗದದಿಂದ. ಮಾಂಗಾ ಬೆಳೆದದ್ದು ಒರಟು ಕಾಗದದ ದಪ್ಪ ಪತ್ರಿಕೆಗಳಲ್ಲಿ, ಕಪ್ಪು ಬಿಳುಪಿನಲ್ಲಿ. ‘ಸ್ಲ್ಯಾಮ್ ಡಂಕ್’ ಬರುತ್ತಿದ್ದ ವಾರಪತ್ರಿಕೆ ಶೋನೆನ್ ಜಂಪ್, 1995ರ ಹೊತ್ತಿಗೆ ಒಂದು ಸಂಚಿಕೆಗೆ 65 ಲಕ್ಷ ಪ್ರತಿ ಮುಟ್ಟಿತ್ತು. ಬಣ್ಣದ ಖರ್ಚಿಲ್ಲ, ವಾರವಾರ ಸುಮಾರು 20 ಪುಟ ಕೈಗೆ ಸಿಗುತ್ತದೆ. ಅಷ್ಟು ಜಾಗ ಇದ್ದರೆ ಸುಮ್ನೆ ಮಳೆ ಬೀಳುವುದನ್ನೂ ಒಂದು ಪುಟ ಬರೆಯಬಹುದು.

ಅನಿಮೆಯ ಕಥೆ ಇದಕ್ಕೆ ಉಲ್ಟಾ. ಅಲ್ಲಿ ಎಲ್ಲದಕ್ಕೂ ಕೊರತೆ. 1963ರ ಜನವರಿ 1ರಂದು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಟಿವಿಯಲ್ಲಿ ಶುರುವಾಯಿತು. ವಾರಕ್ಕೆ ಅರ್ಧ ಗಂಟೆ, ಕೈಯಲ್ಲಿ ಕಾಸು ಕಮ್ಮಿ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚೌಕಟ್ಟು) ಓಡುತ್ತವೆ. ಒಂದೇ ಚಿತ್ರವನ್ನು ಮೂರು ಫ್ರೇಮಿಗೆ ಬಳಸಿದರೆ 8 ಚಿತ್ರದಲ್ಲಿ ಕೆಲಸ ಮುಗಿಯುತ್ತದೆ. ಬಾಯಿ ಮಾತ್ರ ಆಡಿಸಿದರು. ಒಮ್ಮೆ ಬರೆದ ಹಾರಾಟವನ್ನು ಮತ್ತೆ ಮತ್ತೆ ಹಾಕಿದರು. ನಿಂತ ಚಿತ್ರದ ಮೇಲೆ ಕ್ಯಾಮೆರಾ ಜಾರಿಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಒಸಾಮು ದೆಜಾಕಿ ಎಂಬ ನಿರ್ದೇಶಕರು ಈ ಬಡತನವನ್ನೇ ತಿರುಗಿಸಿಬಿಟ್ಟರು. ಚೆಂಡು ಹೊಡೆಯುವ, ಕಣ್ಣೀರು ಉಕ್ಕುವ ಕ್ಷಣ ಬಂದಾಗ ಚಲನೆ ನಿಲ್ಲಿಸಿ, ಫ್ರೇಮನ್ನು ಕೈಯಲ್ಲಿ ಬರೆದ ವರ್ಣಚಿತ್ರವಾಗಿ ಮಾಡುತ್ತಿದ್ದರು. ದುಡ್ಡಿಲ್ಲದೆ ನಿಲ್ಲಿಸುತ್ತಿದ್ದುದನ್ನು ಅವರು ಬೇಕಂತಲೇ ನಿಲ್ಲಿಸಿದರು. ಇವತ್ತು ನೀನು ನೋಡುವ ಸರಣಿಗಳಲ್ಲೂ ಅದು ಸಿಗುತ್ತದೆ, ಹುಡುಕು. (ಆ ಕಮ್ಮಿ ಕಾಸಿನ ಬಿಸಿ ಈಗಲೂ ಅಲ್ಲಿ ಚಿತ್ರ ಬರೆಯುವ ಹುಡುಗ ಹುಡುಗಿಯರ ಸಂಬಳಕ್ಕೆ ತಟ್ಟುತ್ತಿದೆ. ಆ ಕೆಲಸಕ್ಕೇ ಹೋಗುತ್ತೇನೆ ಅನ್ನುವ ಮುಂಚೆ ಇದೂ ತಿಳಿದಿರಲಿ.)

ಈಗ ನಿನ್ನ ಚಿತ್ರಕ್ಕೆ ಬರುತ್ತೇನೆ. ಚೆರ್ರಿ ಮರದ ಕೆಳಗೆ ಸೇಲರ್ ಯೂನಿಫಾರಂ ಹಾಕಿದ ಹುಡುಗಿ. ಗೆರೆ ಚೆನ್ನಾಗಿದೆ, ಕೈ ಪಳಗಿದೆ. ಆದರೆ ಅವಳು ಎಲ್ಲಿಂದ ಬಂದಳು, ಮುಂದಿನ ಕ್ಷಣ ಏನು ಮಾಡುತ್ತಾಳೆ ಅಂತ ನಿನಗೇ ಗೊತ್ತಿಲ್ಲ. ಜಪಾನಿನವರು ಮಾಂಗಾದಲ್ಲಿ ಅಷ್ಟೊಂದು ಶಾಲೆ ಬರೆದದ್ದು ಅವರ ಓದುಗರು ಶಾಲೆ ಮಕ್ಕಳಾಗಿದ್ದಕ್ಕೆ. ಆ ಶಾಲೆಯ ಮೆಟ್ಟಿಲು ನೀನು ಹತ್ತಿಲ್ಲ.

ಮಾಂಗಾ ಬರೆಯುವವರು ಮೊದಲು ‘ನೇಮು’ ಅಂತ ಒಂದು ಕಚ್ಚಾ ಪ್ರತಿ ಮಾಡುತ್ತಾರೆ. ಪ್ಯಾನೆಲ್‌ಗಳು, ಕಡ್ಡಿ ಮನುಷ್ಯರು, ಮಾತು, ಇಷ್ಟೇ. ಸಂಪಾದಕರು ಅದನ್ನು ನೋಡಿ ಒಪ್ಪಿದ ಮೇಲೇ ಮುಖ, ಕೂದಲು ಎಲ್ಲ. ನೀನೂ ಒಂದು ಮಾಡು. ಕಾಲೇಜಿನ ಬಸ್ಸು ತಪ್ಪಿಸಿಕೊಂಡ ಬೆಳಗ್ಗೆ, ಎಂಟು ಪುಟ ಸಾಕು. ಕನ್ನಡದಲ್ಲಿ ಮಾತು ಹಾಕುವುದಾದರೆ ಅವರ ಹಾಗೆ ಬಲದಿಂದ ಎಡಕ್ಕೆ ಹೋಗಬೇಡ, ಓದುವವರಿಗೆ ತಲೆ ತಿರುಗುತ್ತದೆ. ಎಡದಿಂದಲೇ ಬರೆ. ಹಾಗೆ ಬರೆದಾಗ ಪುಟ ತಿರುಗುವುದು ಬಲಪುಟದ ಕೊನೆಯಲ್ಲಿ. ಬಸ್ಸು ಸಿಕ್ಕಿತೋ ಇಲ್ಲವೋ ಅನ್ನುವುದನ್ನು ಆ ತಿರುವಿನ ಆಚೆಗೆ ಇಡು. ಪೆನ್ಸಿಲ್ಲಿನಲ್ಲೇ ಇರಲಿ, ಇಂಕ್ ಮಾಡಬೇಡ.

ಕೋರ್ಸಿನವರಿಗೂ ಒಂದು ಮಾತು ಕೇಳು: ನೇಮು ತಿದ್ದಿಕೊಡುತ್ತೀರಾ ಅಂತ. ಹೌದು ಅಂದರೆ ಅರ್ಧ ಫೀಸು ನನ್ನದು, ನಿಮ್ಮಮ್ಮನ ಹತ್ತಿರ ನಾನೇ ಮಾತಾಡುತ್ತೇನೆ. ಇಲ್ಲ ಅಂದರೆ ಆ ದುಡ್ಡಿಗೆ ಮಾಂಗಾ ಪುಸ್ತಕ ತಗೋ.

ನಿನ್ನ ಮಾವ