ಸೊಲ್ಲಾಪುರ ರಸ್ತೆಯಿಂದ ಬಂದ ಡಿವಿಜನ್‌ನಲ್ಲಿ ಏನೇನಿತ್ತು?

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 17 ಹತ್ತಿರ ಬಂದಂತೆ ಕಲ್ಯಾಣ ಕರ್ನಾಟಕದ ವಿಮೋಚನೆ ಕುರಿತ ಲೇಖನಗಳು ಪತ್ರಿಕೆಗಳಲ್ಲಿ ತುಂಬಿಕೊಳ್ಳುತ್ತವೆ. ಹೋರಾಟಗಾರರ ಬಗ್ಗೆ, ರಜಾಕಾರರ ಬಗ್ಗೆ ಸಾಕಷ್ಟು ಬರೆಯುತ್ತಾರೆ. ಸೇನೆಯ ವಿಷಯ ಬಂದಾಗ ಮಾತ್ರ ‘ಟ್ಯಾಂಕ್ ತುಕಡಿ ನುಗ್ಗಿತು, ನಿಜಾಮ ಶರಣಾದ’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ತುಕಡಿ, ರೆಜಿಮೆಂಟ್, ಬ್ರಿಗೇಡ್, ಡಿವಿಜನ್ ಎಂಬ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಬಳಸುವುದೂ ನಡೆದೇ ಇದೆ. ಆ ಸೇನಾ ಕಾರ್ಯಾಚರಣೆ ಬೀದರ್ ಜಿಲ್ಲೆಯ ನೆಲದ ಮೇಲೆಯೇ ನಡೆದದ್ದು. ಸರಿಯಾಗಿ ದಾಖಲಾಗಬೇಕು ಎಂಬ ಕಾಳಜಿಯಿಂದ ಈ ಪತ್ರ.

1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರ ಕಡೆಯಿಂದ ಹೊರಟಿದ್ದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಕೈಕೆಳಗಿನ 1ನೇ ಆರ್ಮರ್ಡ್ ಡಿವಿಜನ್, ಅಂದರೆ ಟ್ಯಾಂಕ್ ಪ್ರಧಾನವಾದ ದೊಡ್ಡ ಪಡೆ. ಐರಾವತ ಡಿವಿಜನ್ ಎಂದೂ ಅದನ್ನು ಕರೆಯುತ್ತಾರೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಸಿಯಾಲ್‌ಕೋಟ್‌ನಲ್ಲಿ ಕಟ್ಟಿದ ಡಿವಿಜನ್ ಇದು. ಮುಂದೆ 31 ಎಂಬ ಸಂಖ್ಯೆ ಪಡೆದು ಇರಾಕ್, ಇರಾನ್, ಸಿರಿಯಾಗಳಲ್ಲಿ ಕಾವಲು ಕೆಲಸ ಮಾಡಿ, ಆ ಯುದ್ಧದ ನಂತರ ಮತ್ತೆ 1ನೇ ಡಿವಿಜನ್ ಆಯಿತು.

ಹೈದರಾಬಾದ್ ಕಾರ್ಯಾಚರಣೆಗೆ ಚೌಧುರಿ ಇಡೀ ಡಿವಿಜನ್ನನ್ನು ಒಂದೇ ಸಾಲಾಗಿ ಹೊರಡಿಸಲಿಲ್ಲ. ಸ್ಟ್ರೈಕ್ ಫೋರ್ಸ್, ಸ್ಮ್ಯಾಶ್ ಫೋರ್ಸ್, ಕಿಲ್ ಫೋರ್ಸ್, ವೀರ್ ಫೋರ್ಸ್ ಎಂದು ನಾಲ್ಕು ಪಡೆಗಳಾಗಿ ಒಡೆದರು. ವೇಗವಾಗಿ ಮುಂದೆ ಓಡುವುದು ಸ್ಟ್ರೈಕ್‌ನ ಪಾಲು. ಟ್ಯಾಂಕುಗಳ ಹೆಚ್ಚಿನ ಬಲ ಇದ್ದದ್ದು ಸ್ಮ್ಯಾಶ್‌ನಲ್ಲಿ. ಹೀಗೆ ಒಡೆಯಲು ಕಾರಣ ರಸ್ತೆ. ಅದು ಮಳೆಗಾಲ. ಎರೆ ಭೂಮಿಯಲ್ಲಿ ಟ್ಯಾಂಕ್ ಹೇಗೋ ಇಳಿದೀತು, ಹಿಂದೆ ಬರುವ ಲಾರಿ ಡಾಂಬರು ಬಿಟ್ಟು ಇಳಿದರೆ ಅಚ್ಚುತನಕ ಹೂತುಹೋಗುತ್ತದೆ. ಇಂಥ ಒಂದೇ ರಸ್ತೆಯಲ್ಲಿ ಸಾವಿರಾರು ಜನ, ನೂರಾರು ವಾಹನ ಸಾಗಬೇಕು. ಸೇತುವೆಯೊಂದು ಒಡೆದರೆ ಇಡೀ ಸಾಲು ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಮೊದಲ ದಿನದ ದೊಡ್ಡ ಗಳಿಕೆ ಯಾವ ಟ್ಯಾಂಕ್ ಕಾಳಗವೂ ಅಲ್ಲ. ನಳದುರ್ಗದ ಬಳಿ ಬೋರಿ ನದಿಯ ಸೇತುವೆಯನ್ನು 7ನೇ ಬ್ರಿಗೇಡ್‌ನ ಕಾಲ್ದಳ ಹಾಳಾಗದಂತೆ ಕೈವಶ ಮಾಡಿಕೊಂಡದ್ದು. ಉಮರ್ಗಾ ದಾಟಿ, ಮರುದಿನ ರಾಜೇಶ್ವರ. ಆ ದಾರಿಯಲ್ಲಿ ಹೊಂಚು ಹಾಕಿ ಕುಳಿತ ನಿಜಾಮನ ಕಡೆಯವರನ್ನು ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಚದುರಿಸಿದವು. 16ರಂದು ಜಹೀರಾಬಾದ್ ಕಡೆ ಹೋಗುವಾಗ ನೆಲಬಾಂಬುಗಳು ಅಡ್ಡ ಬಂದು, ಅವನ್ನು ತೆಗೆಯುವವರೆಗೆ ಮುಂದಿನ ಪಡೆ ನಿಧಾನವಾಯಿತು. 17ರ ನಸುಕಿನಲ್ಲಿ ಬೀದರ್. ಅಂದೇ ಕದನವಿರಾಮ ಘೋಷಣೆ, ಮರುದಿನ ನಿಜಾಮನ ಸೇನಾ ಮುಖ್ಯಸ್ಥ ಜನರಲ್ ಎಲ್ ಎದ್ರೂಸ್ ಶರಣಾಗತಿ. (ಹೊಸಪೇಟೆ ಕಡೆ 5/5 ಗೂರ್ಖಾ ಬೆಟಾಲಿಯನ್ ತುಂಗಭದ್ರೆಯ ಸೇತುವೆ ಹಿಡಿದದ್ದು ಬೇರೆಯೇ ದಿಕ್ಕಿನ ಕೆಲಸ. ಅದನ್ನು ಈ ಡಿವಿಜನ್ ಲೆಕ್ಕಕ್ಕೆ ಸೇರಿಸಬಾರದು.)

ಈಗ ಪದಗಳ ವಿಷಯ. ಇಂದಿನ ನಮ್ಮ ಸೇನೆಯಲ್ಲಿ ಮೂರು ಟ್ಯಾಂಕ್ ಸೇರಿ ಒಂದು ಟ್ರೂಪ್. ನಾಲ್ಕು ಟ್ರೂಪ್‌ಗಳ 12 ಟ್ಯಾಂಕುಗಳ ಜೊತೆ ಮುಖ್ಯಸ್ಥರ ಎರಡು ಸೇರಿ ಒಂದು ಸ್ಕ್ವಾಡ್ರನ್, ಅಂದರೆ 14. ಮೂರು ಸ್ಕ್ವಾಡ್ರನ್‌ಗೆ 42, ರೆಜಿಮೆಂಟ್ ಕಚೇರಿಯ ಮೂರು ಸೇರಿ 45. ಇಷ್ಟೇ ಒಂದು ಟ್ಯಾಂಕ್ ರೆಜಿಮೆಂಟ್. ಕಾಲ್ದಳದಲ್ಲಿ ‘ರೆಜಿಮೆಂಟ್’ ಎಂದರೆ ಹತ್ತಾರು ಬೆಟಾಲಿಯನ್‌ಗಳ ಕುಟುಂಬ. ಮದ್ರಾಸ್ ರೆಜಿಮೆಂಟ್ ಅಂಥದ್ದು. ಟ್ಯಾಂಕಿನವರ ರೆಜಿಮೆಂಟ್ ಹಾಗಲ್ಲ. ಅದು ಒಂದು ಬೆಟಾಲಿಯನ್‌ಗೆ ಸಮ. ಎರಡನ್ನೂ ಒಂದೇ ಅಳತೆ ಎಂದು ಬರೆದಾಗ ಓದುಗರ ಲೆಕ್ಕವೇ ತಪ್ಪುತ್ತದೆ.

ಕೆಲವು ರೆಜಿಮೆಂಟ್‌ಗಳ ಮೇಲೆ ಬ್ರಿಗೇಡ್, ಬ್ರಿಗೇಡ್‌ಗಳ ಮೇಲೆ ಡಿವಿಜನ್. ಆರು ರೆಜಿಮೆಂಟ್ ಇದ್ದರೆ 270 ಟ್ಯಾಂಕ್. ಇವುಗಳ ಜೊತೆಗೇ ಬಿಎಂಪಿ ಎಂಬ ಕವಚ ವಾಹನದಲ್ಲಿ ಸಾಗುವ ಯಾಂತ್ರೀಕೃತ ಕಾಲ್ದಳ, ತಾನೇ ಚಲಿಸುವ ಫಿರಂಗಿಗಳು, ವಿಮಾನ ನಿರೋಧಕ ದಳ, ಸಿಗ್ನಲ್ಸ್, ಎಂಜಿನಿಯರುಗಳು, ಕೆಟ್ಟದ್ದನ್ನು ಎಳೆದು ತಂದು ದುರಸ್ತಿ ಮಾಡುವ ಇಎಂಇ, ಡೀಸೆಲ್ ಮತ್ತು ಪಡಿತರ ತರುವ ಎಎಸ್‌ಸಿ. ಸದ್ಯ ಸೇನೆಯಲ್ಲಿ 1, 31, 33 ಎಂಬ ಮೂರು ಆರ್ಮರ್ಡ್ ಡಿವಿಜನ್‌ಗಳಿವೆ.

ಡೀಸೆಲ್ ಲೆಕ್ಕವೊಂದನ್ನೇ ನೋಡಿ. ಟಿ-72 ಟ್ಯಾಂಕಿನ ಹೊಟ್ಟೆಗೆ ಸುಮಾರು 1,200 ಲೀಟರ್ ಬೇಕು. ಒಂದು ರೆಜಿಮೆಂಟ್ ಪೂರ್ತಿ ತುಂಬಿಸಲು 54,000 ಲೀಟರ್. 270 ಟ್ಯಾಂಕಿಗೆ 3,24,000 ಲೀಟರ್. ಹೊಲ, ಮರಳಿನಲ್ಲಿ ಓಡಿಸಿದರೆ ರಸ್ತೆಯಲ್ಲಿ ಹೋಗುವಷ್ಟು ದೂರ ಹೋಗುವುದಿಲ್ಲ. ಗುಂಡಿನದೂ ಹಾಗೆಯೇ: ಟಿ-72ರೊಳಗಿನ ತಿರುಗುವ ತಟ್ಟೆಯಲ್ಲಿ 22 ಗುಂಡು ಕೂರುತ್ತವೆ, ಯಂತ್ರವೇ ಎತ್ತಿ ತುಂಬುತ್ತದೆ. ಅವು ಮುಗಿದರೆ ಮೂರೇ ಜನರ ಸಿಬ್ಬಂದಿ ಮರೆಗೆ ಸರಿದು ಕೈಯಿಂದ ತುಂಬಬೇಕು. ಟ್ಯಾಂಕಿನ ಚಕ್ರಗಳ ಸುತ್ತ ಓಡುವ ಉಕ್ಕಿನ ಚೈನ್ ಕಳಚುವುದಂತೂ ನಿತ್ಯದ ಮಾತು. ಬಿಗಿ ಕಡಿಮೆಯಿದ್ದಾಗ ಮೆತ್ತನೆ ನೆಲದಲ್ಲಿ ಥಟ್ಟನೆ ತಿರುಗಿಸಿದರೆ, ಹಲ್ಲುಚಕ್ರ ಮತ್ತು ಚೈನಿನ ನಡುವೆ ಮಣ್ಣು ಸೇರಿ ಚೈನ್ ಜಾರುತ್ತದೆ. ಮತ್ತೆ ಹಾಕಬೇಕೆಂದರೆ ಬಿಗಿ ಸಡಿಲಿಸಿ, ಒಂದು ಪಿನ್ ಹೊಡೆದು ಬಿಡಿಸಿ, ಚೈನನ್ನು ನೆಲದ ಮೇಲೆ ನೇರವಾಗಿ ಹಾಸಿ, ಟ್ಯಾಂಕನ್ನು ಅದರ ಮೇಲೆ ಹತ್ತಿಸಿ, ತುದಿಯನ್ನು ಹಲ್ಲುಚಕ್ರದ ಮೇಲಿಂದ ಎಳೆದು ಕೂಡಿಸಬೇಕು. ಇಷ್ಟೂ ಶತ್ರುವಿನ ಕಣ್ಣಿಗೆ ಬೀಳದೆ ಆಗಬೇಕು. ಟ್ಯಾಂಕಿನ ತಳ ನೆಲಕ್ಕೆ ತಾಗಿ ಕೂತುಬಿಟ್ಟರೆ ಎಳೆದು ತೆಗೆಯುವ ರಿಕವರಿ ವಾಹನ ಬರುವವರೆಗೆ ಅದು ಗುಂಡಿಗೆ ಗುರಿ ಅಷ್ಟೇ. ನಮ್ಮ ಸೇನೆಯ ಡಬ್ಲ್ಯುಝಡ್‌ಟಿ-3 ರಿಕವರಿ ವಾಹನಗಳನ್ನು ತಯಾರಿಸಿದ್ದು ಕೆಜಿಎಫ್‌ನ ಬಿಇಎಂಎಲ್.

ಬೆಂಗಳೂರಿಗೂ ಈ ನಂಟು ಆಳವಾದದ್ದು. ಸೇತುವೆ ಹಾಸುವ, ನೆಲಬಾಂಬು ತೆಗೆಯುವ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇರುವುದು ಹಲಸೂರು ಕೆರೆಯ ಪಕ್ಕದಲ್ಲಿ. ಎಎಸ್‌ಸಿ ಕೇಂದ್ರವೂ ಬೆಂಗಳೂರಿನಲ್ಲೇ. ಟ್ಯಾಂಕಿನ ಚಿತ್ರದ ಕೆಳಗೆ ಇವರ ಹೆಸರು ಎಂದೂ ಬರುವುದಿಲ್ಲ ಎಂಬುದು ನಮಗೆ ನಿಜವಾಗಿಯೂ ನೋವಿನ ಸಂಗತಿ.

ಟ್ಯಾಂಕ್ ಮತ್ತು ಉಳಿದ ದಳಗಳ ಈ ಜೋಡಣೆ ಕಳಚಿಕೊಂಡಾಗ ಏನಾಗುತ್ತದೆಂಬುದು ಇದೇ ಡಿವಿಜನ್ 1965ರ ಪಾಕಿಸ್ತಾನ ಯುದ್ಧದಲ್ಲಿ ಕಂಡದ್ದೇ. ಮೇಜರ್ ಜನರಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಕೈಕೆಳಗೆ, ತಾನು ಹುಟ್ಟಿದ ಸಿಯಾಲ್‌ಕೋಟ್ ದಿಕ್ಕಿಗೇ ಅದು ನುಗ್ಗಿತು. ಸೆಪ್ಟೆಂಬರ್ 8ರಂದು ಗಡ್‌ಗೋರ್ ಬಳಿ ಮೊದಲ ಪೆಟ್ಟು ತಿಂದು ನಿಂತಿತು. ನಂತರದ ಎರಡು ದಿನಗಳಲ್ಲಿ ಎದುರಾಳಿ ಹೆಚ್ಚಿನ ಬಲ ತಂದು ನಿಲ್ಲಿಸಿಕೊಂಡ. 11ರಂದು ಫಿಲ್ಲೋರಾದಲ್ಲಿ ಸೆಂಚುರಿಯನ್ ಟ್ಯಾಂಕುಗಳ ಹಾಡ್ಸನ್ಸ್ ಹಾರ್ಸ್ ಮತ್ತು ಪೂನಾ ಹಾರ್ಸ್ ರೆಜಿಮೆಂಟ್‌ಗಳು ಅದ್ಭುತವಾಗಿ ಹೋರಾಡಿದವು. ಆದರೆ ಮುಂದಿನ ಗುರಿಯಾದ ಚವಿಂಡಾ ಊರು ಸಿಗಲಿಲ್ಲ. ಡಿವಿಜನ್‌ನ 43ನೇ ಬ್ರಿಗೇಡ್ ಲಾರಿ ಕಾಲ್ದಳ. ಲಾರಿ ಟ್ಯಾಂಕಿನ ಜೊತೆ ಗುಂಡಿನ ಮಳೆಯಲ್ಲಿ ಹೋಗಲಾರದು. ಟ್ಯಾಂಕ್ ಗೆದ್ದ ನೆಲವನ್ನು ಹಿಡಿದು ನಿಲ್ಲುವವರು ಸಮಯಕ್ಕೆ ಇರಲಿಲ್ಲ. ಕಬ್ಬಿನ ಗದ್ದೆಯಲ್ಲಿ ಅಡಗಿದ ಟ್ಯಾಂಕ್ ನಿರೋಧಕ ಗನ್ನುಗಳನ್ನು ಕಂಡುಹಿಡಿಯುವುದು ಕಾಲಾಳಿನ ಕೆಲಸ, ಟ್ಯಾಂಕಿನ ಕಿಂಡಿಯಿಂದ ಆಗುವುದಲ್ಲ. ಕಾಲ್ದಳಕ್ಕೂ ಚೈನಿನ ಮೇಲೆ ಓಡುವ ಕವಚ ವಾಹನ ಬೇಕೆಂಬ ಒತ್ತಾಯ ಇಂಥ ಅನುಭವಗಳಿಂದ ಬಲಗೊಂಡಿತು. ಯಾಂತ್ರೀಕೃತ ಕಾಲ್ದಳ ರೆಜಿಮೆಂಟ್ ರೂಪುಗೊಂಡದ್ದು 1979ರಲ್ಲಿ.

ಆ ಕಾಳಗದಲ್ಲಿ ಪೂನಾ ಹಾರ್ಸ್ ನಡೆಸುತ್ತಿದ್ದವರು ಲೆ. ಕರ್ನಲ್ ಎ.ಬಿ. ತಾರಾಪೋರ್. ಗಾಯಗೊಂಡರೂ ಹಿಂದೆ ಸರಿಯದೆ ಸೆಪ್ಟೆಂಬರ್ 16ರಂದು ಬುಟೂರ್ ಡೋಗ್ರಾಂಡಿಯಲ್ಲಿ ಮಡಿದರು. ಪರಮವೀರ ಚಕ್ರ ಸಂದಿತು. ಕಲ್ಯಾಣ ಕರ್ನಾಟಕದವರು ನೆನಪಿಡಬೇಕಾದ ಸಂಗತಿಯೊಂದಿದೆ: ಅವರು ಸೈನಿಕ ಜೀವನ ಆರಂಭಿಸಿದ್ದು ಹೈದರಾಬಾದ್ ಸಂಸ್ಥಾನದ ಸೇನೆಯಲ್ಲಿ. ಸಂಸ್ಥಾನ ವಿಲೀನವಾದ ನಂತರ ಪೂನಾ ಹಾರ್ಸ್ ಸೇರಿದರು. 1948ರಲ್ಲಿ ಆ ಸಂಸ್ಥಾನದ ಮೇಲೆ ಡಿವಿಜನ್ನನ್ನು ನಡೆಸಿ ತಂದಿದ್ದ ಚೌಧುರಿ 1965ರಲ್ಲಿ ಸೇನೆಯ ಮುಖ್ಯಸ್ಥರಾಗಿದ್ದರು. ಅವತ್ತು ನಿಜಾಮನ ಸೇನೆಯಲ್ಲಿ ತರಬೇತಾದ ಅಧಿಕಾರಿ, ಅದೇ ಡಿವಿಜನ್‌ನ ರೆಜಿಮೆಂಟ್ ನಡೆಸುತ್ತ ಪ್ರಾಣ ಕೊಟ್ಟರು.

ಇನ್ನೊಂದು ಸಣ್ಣ ವಿನಂತಿ. ಟ್ಯಾಂಕ್ ರೆಜಿಮೆಂಟ್‌ನ ಯೋಧರನ್ನು ವರದಿಗಳಲ್ಲಿ ‘ಸಿಪಾಯಿ’, ‘ಹವಾಲ್ದಾರ್’ ಎಂದು ಬರೆಯುತ್ತಾರೆ. ಅವರ ದರ್ಜೆಗಳು ಕುದುರೆ ದಳದ ಕಾಲದಿಂದ ಬಂದವು: ಸವಾರ್, ದಫೇದಾರ್, ನಾಯಬ್ ರಿಸಾಲ್ದಾರ್, ರಿಸಾಲ್ದಾರ್. ದಫೇದಾರ್, ರಿಸಾಲ್ದಾರ್ ಕನ್ನಡಕ್ಕೆ ಹೊಸ ಪದಗಳೇನಲ್ಲ. ಮುಂದಿನ ಸೆಪ್ಟೆಂಬರ್ ಸಂಚಿಕೆಯಲ್ಲಿ ಈ ಹೆಸರುಗಳನ್ನೇ ಬಳಸಿ, ರಾಜೇಶ್ವರದ ದಾರಿಯನ್ನೂ ಬೋರಿ ನದಿಯ ಸೇತುವೆಯನ್ನೂ ಒಂದು ನಕ್ಷೆಯಲ್ಲಿ ತೋರಿಸಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ,
ಸೇನಾ ಇತಿಹಾಸದ ಕೆಲವು ಓದುಗರು, ಬೀದರ್