ವಿಮೆ ಮಾರಲು ಹುಟ್ಟಿದ ರೇಡಿಯೊ

ನ್ಯಾಶ್‌ವಿಲ್, ಟೆನೆಸ್ಸಿ
ಭಾನುವಾರ

ತೀರ್ಥರೂಪ ಅಪ್ಪನವರಿಗೆ ಸುಮಾ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಹೆದ್ದಾರಿ ಪಕ್ಕದ ಕಂಬದ ಫೋಟೊ ಕಳಿಸಿದ್ದೆನಲ್ಲ, ಅದೇನೆಂದು ನೀವು ಕೇಳಿದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಫೋನ್ ಕಸಿದುಕೊಂಡು ಹಲಸಿನ ಹಪ್ಪಳದ ಸುದ್ದಿಗೆ ಹೋದಳು. ಅದಕ್ಕೇ ಈ ಕಾಗದ. ಅದು ರೇಡಿಯೊ ಕಂಬ ಅಪ್ಪ. ನಿಲ್ಲಿಸಿದವರು ಮಾತ್ರ ನಿಮ್ಮ ಕಸುಬಿನವರು. ವಿಮೆ ಏಜೆಂಟರು ಮನೆ ಮನೆ ತಿರುಗಿ ತಂದ ಚಿಲ್ಲರೆ ಕಾಸಿನಿಂದ ಎದ್ದ ಕಂಬ ಅದು.

ಇಲ್ಲಿ ನ್ಯಾಷನಲ್ ಲೈಫ್ ಅಂಡ್ ಆಕ್ಸಿಡೆಂಟ್ ಎಂಬ ವಿಮಾ ಕಂಪನಿ ಇತ್ತು. ಅದರ ವ್ಯಾಪಾರ ಹೆಚ್ಚಾಗಿ ಕೂಲಿಕಾರರ, ಸಣ್ಣ ಸಂಬಳದವರ ಮನೆಗಳಲ್ಲಿ. ಕಾಯಿಲೆಗೆ, ಅಪಘಾತಕ್ಕೆ, ಸತ್ತರೆ ಮಣ್ಣಿನ ಖರ್ಚಿಗೆ ಅಂತ ಚಿಕ್ಕ ಚಿಕ್ಕ ಪಾಲಿಸಿಗಳು. ಏಜೆಂಟ್ ವಾರ ವಾರ ಬಾಗಿಲಿಗೆ ಹೋಗಿ ಕೆಲವು ಸೆಂಟು ಎತ್ತಿ, ಪುಸ್ತಕದಲ್ಲಿ ಬರೆದುಕೊಂಡು ಬರಬೇಕು. ಅಡಿಕೆ ಮಾರಾಟವಾದ ತಿಂಗಳು ನೋಡಿಕೊಂಡು ಸ್ಕೂಟರ್ ಏರುತ್ತಿದ್ದ ನಿಮಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಪಾಲಿಸಿ ಮಾರುವುದು ಎರಡನೆಯ ಕೆಲಸ, ಒಳಗೆ ಕರೆಸಿಕೊಳ್ಳುವುದೇ ಮೊದಲನೆಯದು ಅಂತ ನೀವೇ ಹೇಳುತ್ತಿದ್ದಿರಿ.

ಕಂಪನಿ ಕಟ್ಟಿದವರ ಮಗ ಎಡ್ವಿನ್ ಕ್ರೇಗ್‌ಗೆ ರೇಡಿಯೊ ಹುಚ್ಚು. ಹಿರಿಯರನ್ನು ಕಾಡಿ ಬೇಡಿ ಒಪ್ಪಿಸಿದ. 1925ರ ಅಕ್ಟೋಬರ್ 5ರಂದು ಕಂಪನಿ ಕಟ್ಟಡದ ಐದನೆಯ ಮಹಡಿಯಿಂದ, ಒಂದು ಸಾವಿರ ವಾಟ್ ಶಕ್ತಿಯಲ್ಲಿ ಡಬ್ಲ್ಯೂಎಸ್ಎಂ ಬಾನುಲಿ ಶುರುವಾಯಿತು. ಆ ಮೂರು ಅಕ್ಷರ ಕಂಪನಿಯ ಘೋಷವಾಕ್ಯ: ವಿ ಶೀಲ್ಡ್ ಮಿಲಿಯನ್ಸ್, ಲಕ್ಷಾಂತರ ಜನಕ್ಕೆ ನಾವು ರಕ್ಷೆ. ನಮ್ಮ ಎಲ್ಐಸಿಯವರು ಗೀತೆಯಿಂದ ‘ಯೋಗಕ್ಷೇಮಂ ವಹಾಮ್ಯಹಂ’ ತಂದು ಲಾಂಛನದ ಕೆಳಗೆ ಹಾಕಿಕೊಂಡರು. ಇವರು ನಿಲಯದ ಹೆಸರಿನಲ್ಲೇ ಜಾಹೀರಾತು ತುರುಕಿ, ಗಂಟೆಗೊಂದು ಸಲ ಪುಕ್ಕಟೆಯಾಗಿ ಕೂಗಿಸಿದರು. ಆ ಕಾಲಕ್ಕೆ ಇದು ವಿಶೇಷವೂ ಅಲ್ಲ. ಷಿಕಾಗೊದ ಡಬ್ಲ್ಯೂಎಲ್ಎಸ್ ನಿಲಯದ ಹೆಸರು ‘ಜಗತ್ತಿನ ಅತಿ ದೊಡ್ಡ ಅಂಗಡಿ’ ಎಂಬುದರ ಮೊದಲಕ್ಷರಗಳು. ಅದು ಸಿಯರ್ಸ್ ಅಂಗಡಿಯವರದು.

ಆ ಷಿಕಾಗೊದಿಂದಲೇ ಜಾರ್ಜ್ ಹೇ ಎಂಬ ಉದ್ಘೋಷಕನನ್ನು ಕರೆತಂದರು. ವಯಸ್ಸು ಮೂವತ್ತು, ಇಟ್ಟುಕೊಂಡ ಹೆಸರು ‘ಗಂಭೀರ ಮುದಿ ಜಡ್ಜ್’. ನವೆಂಬರ್ 28ರ ರಾತ್ರಿ ಅವನು ಅಂಕಲ್ ಜಿಮ್ಮಿ ಥಾಂಪ್ಸನ್ ಎಂಬ 77 ವರ್ಷದ ಪಿಟೀಲುವಾದಕನನ್ನು ಮೈಕಿನ ಮುಂದೆ ಕೂರಿಸಿದ. ಜೊತೆಗೆ ಪಿಯಾನೊಗೆ ಅಜ್ಜನ ನೆಂಟರ ಹೆಣ್ಣುಮಗಳು. ಒಂದು ಗಂಟೆ ಬಾರಿಸಿದ ಮೇಲೆ ಸುಸ್ತಾಯಿತೇ ಎಂದು ಹೇ ಕೇಳಿದರೆ, ಒಂದು ಗಂಟೆಯಲ್ಲಿ ಕೈ ಕೂಡ ಬಿಸಿಯಾಗುವುದಿಲ್ಲ ಅಂತ ಅಜ್ಜ ಗೊಣಗಿದನಂತೆ. ಶನಿವಾರ ರಾತ್ರಿಯ ಆ ಕಾರ್ಯಕ್ರಮ ಇವತ್ತಿಗೂ ನಿಂತಿಲ್ಲ. 2025ಕ್ಕೆ ನೂರು ತುಂಬಿತು.

ನನಗೆ ನಗು ಬರುವ ಸಂಗತಿ ಒಂದಿದೆ. ಅದರಲ್ಲಿ ನುಡಿಸಲು ಬಂದವರೆಲ್ಲ ಹಳ್ಳಿ ಮುಕ್ಕರೇನೂ ಅಲ್ಲ. ಮೊದಲ ತಂಡಗಳಲ್ಲೊಂದರ ಮುಖ್ಯಸ್ಥ ಹಂಫ್ರಿ ಬೇಟ್ ಇಲ್ಲಿನ ವ್ಯಾಂಡರ್‌ಬಿಲ್ಟ್‌ನಲ್ಲಿ ಓದಿದ ವೈದ್ಯ. ಹೇ ಅವನ ತಂಡಕ್ಕೆ ‘ಪಾಸಮ್ ಬೇಟೆಗಾರರು’ ಎಂದು ಹೆಸರಿಟ್ಟ (ಪಾಸಮ್ ಅಂದರೆ ಹೆಗ್ಗಣ ಬೆಕ್ಕು ಎರಡಕ್ಕೂ ನೆಂಟನಂತೆ ಕಾಣುವ ಇಲ್ಲಿನ ಪ್ರಾಣಿ). ಕೋಟು ಟೈ ಹಾಕಿಕೊಂಡು ಬರುತ್ತಿದ್ದವರಿಗೆ ಫೋಟೊಗೆ ರೈತರ ಉಡುಪು ತೊಡಿಸಿ ನಿಲ್ಲಿಸಿದ. ಪಟ್ಟಣಕ್ಕೆ ಬಂದು ಹಳ್ಳಿ ನೆನೆಸಿಕೊಳ್ಳುವವರಿಗೆ ಎಂಥ ಹಳ್ಳಿ ಬೇಕು ಅಂತ ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಕೇಳುತ್ತಿದ್ದ ರೈತರು ಸಹ ಬೇಜಾರು ಮಾಡಿಕೊಳ್ಳಲಿಲ್ಲ. ಸಂಗೀತ ಸುಳ್ಳಾಗಿರಲಿಲ್ಲವಲ್ಲ.

1927ರ ಡಿಸೆಂಬರ್ 10. ಅವತ್ತು ನ್ಯೂಯಾರ್ಕಿನಿಂದ ಎನ್‌ಬಿಸಿ ರೇಡಿಯೊ ಜಾಲದ ಶಾಸ್ತ್ರೀಯ ಸಂಗೀತ ಕಾರ್ಯಕ್ರಮ ಮುಗಿದ ಕೂಡಲೇ ಇವರ ಸರದಿ. ಹೇ ಮೊದಲು ಕರೆದದ್ದು ಡಿಫೋರ್ಡ್ ಬೈಲಿಯನ್ನು. ಕಪ್ಪು ಜನಾಂಗದವನು, ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಐದಡಿಗೂ ಕಡಿಮೆ ಎತ್ತರ. ಮೌತ್ ಆರ್ಗನ್ನಿನಲ್ಲಿ ಪ್ಯಾನ್ ಅಮೆರಿಕನ್ ರೈಲು ದೂರದಿಂದ ಬಂದು, ಸಿಳ್ಳೆ ಹಾಕಿ, ದಾಟಿ ಹೋಗುವುದನ್ನು ಬಾರಿಸುತ್ತಿದ್ದ. ಇಷ್ಟು ಹೊತ್ತು ಗ್ರ್ಯಾಂಡ್ ಆಪೆರಾ ಕೇಳಿದಿರಿ, ಇನ್ನು ‘ಗ್ರ್ಯಾಂಡ್ ಓಲ್ ಆಪ್ರಿ’ ಕೇಳಿ ಅಂತ ಹೇ ತಮಾಷೆ ಮಾಡಿದ. ಆಪೆರಾ ಅಂದರೆ ದೊಡ್ಡವರ ಸಂಗೀತನಾಟಕ, ಆಪ್ರಿ ಅಂದರೆ ಅದೇ ಮಾತನ್ನು ಹಳ್ಳಿ ಬಾಯಲ್ಲಿ ಅಂದಂತೆ. ತಮಾಷೆಯ ಹೆಸರೇ ಉಳಿದುಬಿಟ್ಟಿತು.

ಆಪ್ರಿಯ ಮೊದಮೊದಲ ತಾರೆ ಹೀಗೆ ಒಬ್ಬ ಕಪ್ಪು ಮನುಷ್ಯ. ಊರೂರಿಗೆ ತಂಡ ಹೋದಾಗ ಅವನನ್ನು ನೋಡಲು ಜನ ಸೇರುತ್ತಿದ್ದರು, ಅದೇ ಊರಿನ ಹೋಟೆಲಿನಲ್ಲಿ ಅವನಿಗೆ ಕೋಣೆ ಸಿಗುತ್ತಿರಲಿಲ್ಲ. 1941ರಲ್ಲಿ ಅವನನ್ನು ತೆಗೆದುಹಾಕಿದರು. ಹಾಡುಗಳ ಹಕ್ಕಿನ ಬಗ್ಗೆ ರೇಡಿಯೊಗಳಿಗೂ ಹಕ್ಕುದಾರರ ಸಂಘಕ್ಕೂ ಜಗಳವಾಗಿ, ಅವನು ವರ್ಷಗಟ್ಟಲೆ ಬಾರಿಸಿದ್ದ ಮಟ್ಟುಗಳನ್ನು ಬಾರಿಸುವಂತಿಲ್ಲ ಎಂದಾಯಿತು. ಹೊಸದು ಕಲಿಯಲಿಲ್ಲ, ಸೋಮಾರಿ ಅಂತ ಹೇ ಆಮೇಲೆ ಬರೆದ. ನಾನು ಅದನ್ನು ನಂಬುವುದಿಲ್ಲ. ಬೈಲಿ ಇದೇ ಊರಿನಲ್ಲಿ ಬೂಟ್ ಪಾಲಿಶ್ ಅಂಗಡಿ ಇಟ್ಟುಕೊಂಡು ದಶಕಗಳ ಕಾಲ ಬದುಕಿ, 1982ರಲ್ಲಿ ತೀರಿಕೊಂಡ. ಕಂಟ್ರಿ ಸಂಗೀತದ (ಈ ಹಳ್ಳಿ ಹಾಡುಗಳಿಗೆ ಈಗಿನ ಹೆಸರು) ಕೀರ್ತಿಮಂದಿರಕ್ಕೆ ಅವನ ಹೆಸರು ಸೇರಿದ್ದು 2005ರಲ್ಲಿ. ಲಕ್ಷಾಂತರ ಜನಕ್ಕೆ ರಕ್ಷೆ ಎಂದು ಗಂಟೆಗೊಮ್ಮೆ ಕೂಗಿದ ನಿಲಯ ತನ್ನ ಒಳಗಿನ ಒಬ್ಬನಿಗೆ ಅದನ್ನು ಕೊಡಲಿಲ್ಲ.

ಈಗ ಕಂಬ. 1932ರಲ್ಲಿ ಸರ್ಕಾರದ ಅನುಮತಿ ಸಿಕ್ಕಿ ನಿಲಯದ ಶಕ್ತಿ 50,000 ವಾಟ್‌ಗೆ ಏರಿತು. ಅದಕ್ಕಾಗಿ ಬ್ರೆಂಟ್‌ವುಡ್‌ನಲ್ಲಿ ಇದನ್ನು ಕಟ್ಟಿದರು. ಮೊದಲು 878 ಅಡಿ, ಅಂದರೆ ನಮ್ಮ ಜೋಗಕ್ಕಿಂತ ಎತ್ತರ. ಆಮೇಲೆ ಮೊಟಕು ಮಾಡಿ 808ಕ್ಕೆ ಇಳಿಸಿದರು. ನಡುವೆ ಅಗಲ, ಮೇಲೂ ಕೆಳಗೂ ಚೂಪು. ಇಡೀ ಉಕ್ಕಿನ ಭಾರ ಕೆಳಗಿನ ಒಂದು ಮೊನೆಯ ಮೇಲೆ ನಿಂತಿದೆ, ಸುತ್ತ ತಂತಿಗಳು ಎಳೆದು ಹಿಡಿದಿವೆ. ಇಂಥ ನಿಲಯ ರಾತ್ರಿ ಹೊತ್ತು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ನೀವು ಊಹಿಸಬಲ್ಲಿರಿ. ನಮ್ಮ ಭದ್ರಾವತಿ 675 ಕಿಲೋಹರ್ಟ್ಸ್, ಇದು 650, ಮುಳ್ಳಿನಲ್ಲಿ ಕೂದಲೆಳೆಯ ಅಂತರ. ಸೂರ್ಯ ಮುಳುಗಿದ ಮೇಲೆ ಆಕಾಶದ ಕೆಳಪದರ ಕರಗಿ, ಮೇಲಿನ ಪದರಕ್ಕೆ ತಾಗಿದ ಮಧ್ಯಮ ತರಂಗ ಮರಳಿ ದೂರದ ನೆಲಕ್ಕೆ ಬೀಳುತ್ತದೆ. ನಮ್ಮಲ್ಲೂ ರಾತ್ರಿ ವಾರ್ತೆ ಕೇಳುವಾಗ ಪಕ್ಕದಿಂದ ಯಾವುದೋ ತಮಿಳು, ತೆಲುಗು ನಿಲಯ ನುಗ್ಗಿ ನೀವು ಮುಳ್ಳು ತಿರುಗಿಸುತ್ತಿದ್ದಿರಲ್ಲ, ಅದೇ. ಇಲ್ಲಿ ಹಾಗೆ ನುಗ್ಗುವವರೂ ಇರಲಿಲ್ಲ, ರಾತ್ರಿ 650 ಇವರೊಬ್ಬರಿಗೇ ಮೀಸಲಾಗಿತ್ತು. ಕರೆಂಟಿಲ್ಲದ ಹಳ್ಳಿಗಳಲ್ಲಿ ಬ್ಯಾಟರಿ ರೇಡಿಯೊದ ಸುತ್ತ ಅಕ್ಕಪಕ್ಕದವರೆಲ್ಲ ಶನಿವಾರ ರಾತ್ರಿ ಸೇರುತ್ತಿದ್ದರು. ಸೋಮವಾರ ಏಜೆಂಟ್ ಹೋಗಿ, ನಾನು ಆಪ್ರಿ ಕಂಪನಿಯವನು ಅಂದರೆ ಸಾಕು, ಬಾಗಿಲು ತೆರೆಯುತ್ತಿತ್ತು. ಕಾರ್ಯಕ್ರಮ ಎದುರಿಗೆ ಕೂತು ನೋಡುವ ಟಿಕೆಟ್ಟನ್ನೂ ಏಜೆಂಟರೇ ಪುಕ್ಕಟೆ ಹಂಚುತ್ತಿದ್ದರು. ಜನ ತಡೆಯಲಾರದಷ್ಟು ಬಂದಾಗ, 1939ರಲ್ಲಿ, 25 ಸೆಂಟು ಶುಲ್ಕ ಇಟ್ಟು ನೋಡಿದರು. ಆದರೂ ಕಡಿಮೆಯಾಗಲಿಲ್ಲ.

ಊರಿನ ದೊಡ್ಡ ಮನುಷ್ಯರಿಗೆ ಮಾತ್ರ ಇದೆಲ್ಲ ಮುಜುಗರ. ನ್ಯಾಶ್‌ವಿಲ್ ತನ್ನನ್ನು ದಕ್ಷಿಣದ ಅಥೆನ್ಸ್ ಎಂದು ಕರೆದುಕೊಳ್ಳುತ್ತಿತ್ತು. ಪಾರ್ಕಿನಲ್ಲಿ ಗ್ರೀಸಿನ ಪಾರ್ಥೆನಾನ್ ದೇವಾಲಯದ ಪೂರ್ಣ ಗಾತ್ರದ ನಕಲೇ ಇದೆ, ಅಮ್ಮ ಬಂದಾಗ ತೋರಿಸುತ್ತೇನೆ. 1943ರಲ್ಲಿ ಆಪ್ರಿಯ ಗಾಯಕ ರಾಯ್ ಏಕಫ್‌ನ ಸಮಾರಂಭಕ್ಕೆ ಕರೆದರೆ ಗವರ್ನರ್ ಪ್ರೆಂಟಿಸ್ ಕೂಪರ್ ಬರಲೊಪ್ಪಲಿಲ್ಲ. ಇಂಥ ಸಂಗೀತದಿಂದ ರಾಜ್ಯದ ಮರ್ಯಾದೆ ಹೋಗುತ್ತಿದೆ ಅಂದ. ಏಕಫ್ 1948ರಲ್ಲಿ ತಾನೇ ಗವರ್ನರ್ ಚುನಾವಣೆಗೆ ನಿಂತ. ಸಭೆಗಳಿಗೆ ಜನ ಕಿಕ್ಕಿರಿದರು, ಮತ ಹಾಕಲಿಲ್ಲ. ಇದೂ ನಮಗೆ ಹೊಸದಲ್ಲ ಬಿಡಿ. ಅಷ್ಟರಲ್ಲಿ ನಿಲಯದ ಮೂವರು ಎಂಜಿನಿಯರುಗಳು ಬಿಡುವಿನಲ್ಲಿ ಧ್ವನಿಮುದ್ರಣದ ಸ್ಟುಡಿಯೊ ತೆರೆದಿದ್ದರು. ಹಾಡುವವರು ಇಲ್ಲೇ ಇದ್ದಾರೆ, ಮುದ್ರಿಸುವವರೂ ಇಲ್ಲೇ ಇದ್ದಾರೆಂದು ರೆಕಾರ್ಡ್ ಕಂಪನಿಗಳು ಬರತೊಡಗಿದವು. 1950ರಲ್ಲಿ ಡೇವಿಡ್ ಕಾಬ್ ಎಂಬ ಉದ್ಘೋಷಕ ಮೈಕಿನಲ್ಲಿ ಈ ಊರನ್ನು ‘ಮ್ಯೂಸಿಕ್ ಸಿಟಿ’ ಎಂದ. ಈಗ ಅಂಗಡಿ ಬೋರ್ಡುಗಳ ಮೇಲೆಲ್ಲ ಅದೇ ಹೆಸರು. ಅಥೆನ್ಸ್ ಸುದ್ದಿ ಯಾರೂ ಎತ್ತುವುದಿಲ್ಲ.

ಮುಂದಿನದು ಬೇಗ ಹೇಳುತ್ತೇನೆ. 1943ರಿಂದ 1974ರವರೆಗೆ ಆಪ್ರಿ ನಡೆದದ್ದು ರೈಮನ್ ಸಭಾಂಗಣದಲ್ಲಿ. ಅದು 1892ರಲ್ಲಿ ಧರ್ಮಪ್ರವಚನಕ್ಕೆಂದು ಕಟ್ಟಿದ್ದು, ಇಂದಿಗೂ ಚರ್ಚಿನ ಬೆಂಚುಗಳೇ ಆಸನ. 1974ರಲ್ಲಿ ಊರಾಚೆ ಹೊಸ ಕಟ್ಟಡಕ್ಕೆ ಹೋದಾಗ ರೈಮನ್ ವೇದಿಕೆಯ ಹಲಗೆಯನ್ನು ಆರಡಿಯ ವೃತ್ತವಾಗಿ ಕೊಯ್ದು ಹೊಸ ವೇದಿಕೆಯ ನಡುವೆ ಕೂರಿಸಿದರು. 1980ರ ದಶಕದ ಆರಂಭದಲ್ಲಿ ವಿಮಾ ಕಂಪನಿಯನ್ನೇ ಇನ್ನೊಬ್ಬರು ಕೊಂಡರು, ಅವರಿಗೆ ರೇಡಿಯೊ ಬೇಡವಾಗಿ ಬೇರೆಯವರಿಗೆ ಮಾರಿದರು. ವಿಮೆ ಮಾರಲು ಹುಟ್ಟಿದ ನಿಲಯ ಹೀಗೆ ವಿಮೆಯ ಕೈ ಬಿಟ್ಟಿತು. 2002ರ ಹೊತ್ತಿಗೆ ಕಂಟ್ರಿ ಹಾಡು ಬಿಟ್ಟು ಆಟೋಟದ ಹರಟೆ ಹಾಕೋಣ ಅಂತ ಮಾಲೀಕರು ಯೋಚಿಸಿದರು. ಕೇಳುಗರು ಗಲಾಟೆ ಮಾಡಿದರು, ಯೋಜನೆ ಬಿತ್ತು. 2010ರ ಮೇ ತಿಂಗಳಲ್ಲಿ ಕಂಬರ್‌ಲೆಂಡ್ ನದಿ ಉಕ್ಕಿ ಆಪ್ರಿಯ ವೇದಿಕೆಯ ಮೇಲೆ ಸುಮಾರು ನಾಲ್ಕಡಿ ನೀರು ನಿಂತಿತ್ತು. ಹಲಗೆಯ ವೃತ್ತ ಉಳಿಯಿತು, ಕಾರ್ಯಕ್ರಮವನ್ನು ಬೇರೆ ಸಭಾಂಗಣದಲ್ಲಿ ಮುಂದುವರಿಸಿದರು.

ನಿಮಗೆ ಕೇಳಬೇಕೆನಿಸಿದರೆ ಗಿರಿಗೆ ಹೇಳಿ, ಫೋನಿನಲ್ಲಿ ಹಾಕಿಕೊಡುತ್ತಾನೆ. ಇಲ್ಲಿಯ ಶನಿವಾರ ಸಂಜೆ ಏಳು ಅಂದರೆ ಅಲ್ಲಿ ಭಾನುವಾರ ಬೆಳಗ್ಗೆ 5:30, ಚಳಿಗಾಲದಲ್ಲಿ 6:30. ಹೇಗೂ ನೀವು ಆ ಹೊತ್ತಿಗೆ ಎದ್ದಿರುತ್ತೀರಿ. ಹಾಡಿನ ನಡುವೆ ಜಾಹೀರಾತು ಬಹಳ, ಬೈಯಬೇಡಿ. ಅಮ್ಮನಿಗೆ ಹಪ್ಪಳ ಸಾಕು, ಮಿಡಿ ಉಪ್ಪಿನಕಾಯಿ ಕಳಿಸು ಅಂತ ತಿಳಿಸಿ. ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ. ಮರುಪತ್ರದಲ್ಲಿ ಒಂದು ವಿಷಯ ಬರೆಯಿರಿ: ಆಗ ಹೊಸ ಮನೆಯ ಜಗಲಿ ಹತ್ತಿದಾಗ ಪಾಲಿಸಿಗೂ ಮೊದಲು ನೀವು ಯಾವ ಮಾತು ತೆಗೆಯುತ್ತಿದ್ದಿರಿ?

ಇಂತಿ ನಿಮ್ಮ ಮಗಳು
ಸುಮಾ