ಉದ್ದೇಶ ಬರೆದ ಆಧಾರ್ ಪ್ರತಿಯನ್ನೂ ಒಪ್ಪಿಕೊಳ್ಳಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಹೋದ ತಿಂಗಳು ಅಮ್ಮನ ಅರ್ಜಿ ಕೊಡಲು ಮಂಗಳೂರಿನ ಕಚೇರಿಯೊಂದಕ್ಕೆ ಹೋಗಿದ್ದೆ. ಆಧಾರ್ ಜೆರಾಕ್ಸಿನ ಮೇಲೆ ಓರೆಯಾಗಿ ‘ಪಿಂಚಣಿ ಅರ್ಜಿಗೆ ಮಾತ್ರ’ ಎಂದು ಬರೆದು, ತಾರೀಕು ಹಾಕಿದ್ದೆ. ಕೌಂಟರಿನಲ್ಲಿದ್ದವರು ಅದನ್ನು ವಾಪಸ್ ಕೊಟ್ಟರು. ‘ಗೀಚಿದ್ದು ಆಗುವುದಿಲ್ಲ, ಕ್ಲೀನ್ ಕಾಪಿ ತನ್ನಿ’ ಅಂದರು. ಹೆಸರು, ನಂಬರು, ವಿಳಾಸ ಎಲ್ಲ ಸರಿಯಾಗಿ ಓದಲು ಬರುತ್ತಿತ್ತು. ಹಿಂದೆ ಸಾಲು ಉದ್ದ ಇತ್ತು. ಕೊನೆಗೆ ಏನೂ ಬರೆಯದ ಹೊಸ ಜೆರಾಕ್ಸ್ ಮಾಡಿಸಿ ಕೊಟ್ಟು ಬಂದೆ. ಮನಸ್ಸಿಗೆ ಬೇಸರವಾಯಿತು.

ಅದನ್ನು ಸುಮ್ನೆ ಬರೆದಿರಲಿಲ್ಲ. ಸ್ವಲ್ಪ ಸಮಯದ ಹಿಂದೆ, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ತೋರಿಸುವ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ನೋಡಿದಾಗ ಅಮ್ಮನ ಹೆಸರಿನಲ್ಲಿ ಮೂರು ಸಿಮ್ ಇದ್ದವು. ಅಮ್ಮನ ಹತ್ತಿರ ಇರುವುದು ಒಂದೇ. ಉಳಿದೆರಡು ಕಾಗದದ ಜೆರಾಕ್ಸ್ ಕೊಟ್ಟು ಸಿಮ್ ತೆಗೆದುಕೊಳ್ಳುತ್ತಿದ್ದ ಕಾಲದವು ಇರಬೇಕು. ಬಾಡಿಗೆ ಮನೆಗೆ, ಗ್ಯಾಸಿಗೆ, ಲಾಡ್ಜಿಗೆ, ಎಲ್ಲ ಕಡೆಗೂ ನಾವು ಒಂದೇ ಥರದ ಪ್ರತಿ ಕೊಟ್ಟಿದ್ದೆವು. ಯಾವುದು ಯಾರ ಕೈಗೆ ಹೋಯಿತು ಎಂದು ಇವತ್ತಿಗೂ ಗೊತ್ತಾಗಿಲ್ಲ. ಅದರ ಮೇಲೆ ‘ಬಾಡಿಗೆ ಕರಾರಿಗೆ ಮಾತ್ರ’ ಎಂದು ಇದ್ದಿದ್ದರೆ ಅದನ್ನೇ ತೋರಿಸಿ ಸಿಮ್ ಪಡೆಯುವುದು ಅಷ್ಟು ಸುಲಭ ಆಗುತ್ತಿರಲಿಲ್ಲ, ಅಲ್ವಾ?

ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ ಹುಟ್ಟಿದ ಊರಿದು. ಚೆಕ್ಕಿನ ಮೂಲೆಯಲ್ಲಿ ಎರಡು ಗೆರೆ ಎಳೆಯುವುದು ಹಣ ನಗದಾಗಿ ಸಿಗದೆ ಖಾತೆಗೇ ಹೋಗಲಿ ಎಂದು; ಇದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗೆರೆ ಎಳೆದ ಚೆಕ್ಕನ್ನು ಯಾವ ಬ್ಯಾಂಕಿನವರೂ ‘ಗೀಚಿದ್ದು’ ಎಂದು ವಾಪಸ್ ಕೊಡುವುದಿಲ್ಲ. ಗುರುತಿನ ಚೀಟಿಯ ಪ್ರತಿಗೂ ಅದೇ ಮರ್ಯಾದೆ ಸಿಗಬೇಕು ಎಂಬುದು ನನ್ನ ಕೋರಿಕೆ.

2023ರಲ್ಲಿ ನಮ್ಮ ಮಂಗಳೂರಿನಲ್ಲೇ ಏನಾಯಿತು ಎಂದು ನಿಮಗೆ ಗೊತ್ತಿದೆ. ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ, ಬೆರಳಚ್ಚು ನಕಲು ಮಾಡಿ, ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದಿದ್ದರು. ಅದರಲ್ಲಿ ಆಧಾರ್ ನಂಬರು ಮತ್ತು ಬೆರಳಚ್ಚಿನಿಂದ ಹಣ ತೆಗೆಯಬಹುದು, ಒಟಿಪಿ ಬೇಕಾಗಿಲ್ಲ. ಪ್ರತಿಯ ಮೇಲೆ ಹೀಗೆ ಉದ್ದೇಶ ಬರೆದ ಗುರುತು, ಅಂದರೆ ವಾಟರ್‌ಮಾರ್ಕ್, ಇದ್ದಿದ್ದರೆ ಅದು ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ದಾಖಲೆಯಲ್ಲಿರುವ ನಂಬರು ಎಲ್ಲಿಯವರೆಗೆ ಹೋಗಬಹುದು ಎಂದು ಅವತ್ತು ನಾವೆಲ್ಲ ನೋಡಿದೆವು.

ಈಗ ಕಾಗದಕ್ಕಿಂತ ವಾಟ್ಸಾಪಿನಲ್ಲೇ ಫೋಟೊ ಕಳಿಸುವುದು ಜಾಸ್ತಿ. ಪಿಜಿಗೆ ಸೇರುವ ವಿದ್ಯಾರ್ಥಿಯೂ ಅಷ್ಟೇ, ಗಲ್ಫಿಗೆ ಹೊರಟವರು ಪಾಸ್‌ಪೋರ್ಟ್ ಪ್ರತಿ ಕಳಿಸುವುದೂ ಅಷ್ಟೇ. ವಾಟರ್‌ಮಾರ್ಕ್ ಹಾಕಲು ಹುಡುಕಿದರೆ ಉಚಿತ ಸೈಟುಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಸೈಟುಗಳು ನಮ್ಮ ಆಧಾರನ್ನು ಮೊದಲು ತಮ್ಮ ಸರ್ವರಿಗೆ ತೆಗೆದುಕೊಳ್ಳುತ್ತವೆ. ಬಚ್ಚಿಡಬೇಕಾದ್ದನ್ನು ಗುರುತಿಲ್ಲದವರ ಕೈಗೆ ಕೊಟ್ಟ ಹಾಗಾಯಿತು. ಒಳ್ಳೆಯ ಸಾಧನ ನಮ್ಮ ಫೋನಿನ ಒಳಗೇ ಕೆಲಸ ಮುಗಿಸುತ್ತದೆ. ನಾನು ಪರೀಕ್ಷೆ ಮಾಡುವುದು ಹೀಗೆ: ಪುಟ ತೆರೆದ ಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುತ್ತೇನೆ. ಆಗಲೂ ವಾಟರ್‌ಮಾರ್ಕ್ ಬಂದರೆ ಆ ಕೆಲಸಕ್ಕೆ ಸರ್ವರ್ ಬೇಕಾಗಿಲ್ಲ ಎಂದರ್ಥ. ಇಂಟರ್ನೆಟ್ ಮತ್ತೆ ಹಾಕುವ ಮೊದಲು ಆ ಪುಟ ಮುಚ್ಚಿಬಿಡುತ್ತೇನೆ.

ಇನ್ನೊಂದು ವಿಷಯ. ಬರಹ ಅಂಚಿನಲ್ಲಿದ್ದರೆ ಕತ್ತರಿಸಿ ತೆಗೆಯಬಹುದು. ಅದು ಫೋಟೊ ಮತ್ತು ವಿಳಾಸದ ಮೇಲೆ ಓರೆಯಾಗಿ, ತೆಳುವಾಗಿ, ಮತ್ತೆ ಮತ್ತೆ ಬರಬೇಕು. ಪಿಡಿಎಫಿನಲ್ಲಿ ಬೇರೆ ಪದರವಾಗಿ ಕೂತ ಬರಹವನ್ನು ಸುಲಭದಲ್ಲಿ ಅಳಿಸಬಹುದು. ಆದ್ದರಿಂದ ಎಲ್ಲವೂ ಸೇರಿ ಒಂದೇ ಚಿತ್ರ ಆಗಬೇಕು. ಆಗಲೂ ಹಟ ಹಿಡಿದವರು ಅಳಿಸಬಹುದು, ಆದರೆ ಅದಕ್ಕೆ ಶ್ರಮ ಬೇಕು.

ನೆದರ್‌ಲ್ಯಾಂಡ್ಸ್ ಸರ್ಕಾರ ಇದಕ್ಕೆಂದೇ ಕಾಪಿಐಡಿ ಎಂಬ ಆ್ಯಪ್ ಕೊಟ್ಟಿದೆ. ಪಾಸ್‌ಪೋರ್ಟಿನ ಫೋಟೊ ತೆಗೆದು, ನಾಗರಿಕ ಸಂಖ್ಯೆಯನ್ನು ಮುಚ್ಚಿ, ಯಾರಿಗೆ, ಯಾಕೆ ಎಂದು ಅದರ ಮೇಲೆ ಬರೆಯಬಹುದು. ನಮ್ಮಲ್ಲಿಯೂ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ. ಜೆರಾಕ್ಸ್ ಕೊಡುವ ಬದಲು ಅದನ್ನು ಬಳಸಿ ಎಂದು 2022ರ ಮೇ ತಿಂಗಳಲ್ಲಿ, ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಬೆಂಗಳೂರು ಕಚೇರಿ ಹೇಳಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಪ್ರಕಟಣೆ ವಾಪಸ್ ಪಡೆಯಿತು. ಜನರಿಗೆ ಗೊಂದಲ ಉಳಿಯಿತು.

ಆ ಗೊಂದಲವನ್ನು ನಮ್ಮ ಜಿಲ್ಲೆಯ ಮಟ್ಟಿಗೆ ನೀವು ಬಗೆಹರಿಸಬಹುದು. ವಿವರ ಓದಲು ಬರುವಂತಿದ್ದರೆ, ಉದ್ದೇಶ ಬರೆದ ಪ್ರತಿಯನ್ನು ನಾಡಕಚೇರಿಯಿಂದ ಹಿಡಿದು ಎಲ್ಲ ಕೌಂಟರುಗಳಲ್ಲೂ ತೆಗೆದುಕೊಳ್ಳಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ. ಕನ್ನಡದಲ್ಲಿ, ಫೋನಿನೊಳಗೇ ಕೆಲಸ ಮಾಡುವ ಒಂದು ಸಣ್ಣ ಸಾಧನವನ್ನು ಜಿಲ್ಲೆಯ ವೆಬ್‌ಸೈಟಿನಲ್ಲಿ ಹಾಕಿಸಿ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಇದನ್ನು ಖಂಡಿತ ಮಾಡಬಲ್ಲರು. ಅದರ ಕೋಡ್ ಎಲ್ಲರಿಗೂ ತೆರೆದಿರಲಿ.

ಅಮ್ಮನ ಮುಂದಿನ ಅರ್ಜಿ ಇನ್ನೊಂದು ತಿಂಗಳಲ್ಲಿ ಇದೆ. ಅಷ್ಟರೊಳಗೆ ಸುತ್ತೋಲೆ ಬಂದರೆ, ಓರೆಯಾಗಿ ಬರೆದ ಪ್ರತಿಯನ್ನೇ ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮಂಗಳೂರಿನ ಒಬ್ಬ ನಿವಾಸಿ